ಬಾಣಂತಿ ಮನೆಯ ಸೀರೆ

ಡೊಂಬಿವಲಿಯ ಸುಂದರಕ್ಕ ಬಾಣಂತಿ ಮನೆಯಿಂದ ಸೀರೆ ತೆಗೆದುಕೊಳ್ಳುವವಳಲ್ಲ ಎಂಬುದು ಕಲ್ಯಾಣದಿಂದ ಠಾಣೆಯವರೆಗಿನ ನಮ್ಮ ಕರಾವಳಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಹೆರಿಗೆಯಾದ ಮನೆಗೆ ದಿನಾ ಬೆಳಿಗ್ಗೆ ಹೋಗಿ, ತಾಯಿಗೆ ಎಣ್ಣೆ ತಿಕ್ಕಿ ಮೀಯಿಸಿ, ಮಗುವನ್ನು ನೀಡಿದ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದು, ಸಾಂಬ್ರಾಣಿ ಹೊಗೆ ಹಾಕಿ, ಕಷಾಯ ಕುದಿಸಿಟ್ಟು ಬರುವುದು ಅವಳ ಕೆಲಸ. ನಲ್ವತ್ತರ ಸ್ನಾನ ಮುಗಿದ ದಿನ ಹಾಗೆ ಮೀಯಿಸಿದವಳಿಗೆ ಸೀರೆ, ರವಿಕೆ ಕಣ, ತೆಂಗಿನಕಾಯಿ ಕೊಟ್ಟು ಕಳಿಸುವುದು ಊರಿನಿಂದ ಬಂದ ಕ್ರಮ. ಪಗಾರ ಬೇರೆ, ಸೀರೆ ಬೇರೆ. ಸುಂದರಕ್ಕ ಕಾಯಿಯನ್ನು ಮಾತ್ರ ಎತ್ತಿಕೊಂಡು, ಸೀರೆಯನ್ನು ತಟ್ಟೆಯಲ್ಲೇ ಬಿಟ್ಟು, ಸೆರಗು ಸರಿ ಮಾಡಿಕೊಂಡು ಹೇಳುತ್ತಿದ್ದಳು:

“ಇದು ನನಗೆ ಬೇಡ. ನಿಮ್ಮ ಪಾಪುವಿನ ಹೆಸರಲ್ಲಿ ಊರಿನ ಒಂದು ಹೆಣ್ಣು ಮಗುವನ್ನು ಶಾಲೆಗೆ ಕಳಿಸಿ. ಹತ್ತನೇ ಮುಗಿಯುವವರೆಗೆ. ಅಷ್ಟು ಮಾಡಿದ್ರೆ ನಾನು ರೇಷ್ಮೆ ಉಟ್ಟ ಹಾಗೇ.”

ಇಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮಗುವಿಗೆ ನೀರೆರೆದ ಕೈ ಬೇಸರದಲ್ಲಿ ಹೊಸ್ತಿಲು ದಾಟಿದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ ಎಂಬ ಹೆದರಿಕೆ ನಮ್ಮವರಲ್ಲಿ ಇದ್ದೇ ಇದೆ. ಹತ್ತನೇ ಮಾಳಿಗೆಯ ಫ್ಲ್ಯಾಟಿಗೆ ಹೋದ ಮಾತ್ರಕ್ಕೆ ಹೆದರಿಕೆ ಲಿಫ್ಟ್ ಹತ್ತದೆ ಕೆಳಗೇ ನಿಲ್ಲುತ್ತದೆಯೇ? ಸುಂದರಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದನ್ನು ಅವಳು ನಾಚಿಕೆಯಿಲ್ಲದೆ ಉಪಯೋಗಿಸಿಕೊಂಡಳು. ಹೀಗೆ ಡೊಂಬಿವಲಿಯಲ್ಲಿ, ಟಿಟ್ವಾಳಾದಲ್ಲಿ, ಠಾಣೆಯಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಕಾರ್ಕಳದ ಕಡೆಯ ಒಂದೊಂದು ಹುಡುಗಿ ಗಂಟು ಬಿದ್ದಳು. ಇಲ್ಲಿನ ನಮ್ಮ ಊರವರ ಸಂಘದವರು ಇದಕ್ಕೆ ವಿದ್ಯಾರ್ಥಿವೇತನ ಯೋಜನೆ ಎಂದು ದೊಡ್ಡ ಹೆಸರಿಟ್ಟು ಬ್ಯಾನರ್ ಬರೆಸಿದ್ದು ಆಮೇಲಿನ ಮಾತು. ಮನೆಗಳಲ್ಲಿ ಅವಳು “ನಮ್ಮ ಪಾಪುವಿನ ಹುಡುಗಿ”, ಅಷ್ಟೇ.

ಸರಕಾರಿ ಶಾಲೆಗೆ ಫೀಸಿಲ್ಲ, ಪುಸ್ತಕ ಪುಕ್ಕಟೆ, ಮಧ್ಯಾಹ್ನದ ಊಟವೂ ಉಂಟು, ಮತ್ತೆ ದುಡ್ಡು ಯಾಕೆ ಎಂದು ಕೇಳುವ ಬುದ್ಧಿವಂತರು ಇದ್ದರು. ಸುಂದರಕ್ಕ ಅವರನ್ನೇ ತಿರುಗಿ ಕೇಳುತ್ತಿದ್ದಳು: “ಹುಡುಗಿ ಶಾಲೆಗೆ ಹೋದ್ರೆ ಮನೆಯಲ್ಲಿ ಬೀಡಿ ಕಟ್ಟುವವರು ಯಾರು ಮಾರಾಯ್ರೆ?” ಆ ಮನೆಗಳಲ್ಲಿ ತಾಯಿ ಮತ್ತು ಮಗಳು ಎದುರುಬದುರು ಕುಳಿತು ಬೀಡಿ ಕಟ್ಟಿದರೆ ಮಾತ್ರ ರಾತ್ರಿಯ ಗಂಜಿಗೆ ಮೀನು. ಮಗಳ ಕೈಯ ಬೀಡಿಗೆ ಎಷ್ಟು ಕೂಲಿಯೋ ಅಷ್ಟು ತಿಂಗಳು ತಿಂಗಳು ತಾಯಿಗೆ ಬಂದುಬಿಟ್ಟರೆ, ತಾಯಿ ತಾನಾಗಿ “ಬಸ್ಸು ತಪ್ಪುತ್ತದೆ, ಓಡು” ಅನ್ನುತ್ತಾಳೆ. ಇದರಲ್ಲಿ ದೊಡ್ಡ ತತ್ವವೇನೂ ಇಲ್ಲ. ಮೊದಲನೆಯ ಹುಡುಗಿ ಕುಶಲ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿಯ ಎಲೆ ಕತ್ತರಿಸುತ್ತ ಕುಳಿತಿದ್ದವಳು, ಈಗ ಊರಿನ ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬಳು ಹಾಲಿನ ಸೊಸೈಟಿಯಲ್ಲಿ ಲೆಕ್ಕ ನೋಡುತ್ತಾಳೆ. ಎಲ್ಲರೂ ಡಾಕ್ಟರ್ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಮದುವೆಯ ಮಾತೆತ್ತಿದಾಗ “ಈಗ ಬೇಡ” ಎನ್ನುವಷ್ಟು ಗಂಟಲು ಬಂತು. ಹೆಣ್ಣುಮಕ್ಕಳಿಗೆ ಅದು ಸಣ್ಣ ಸಂಗತಿಯಲ್ಲ.

ಸುಂದರಕ್ಕನಿಗೆ ಆ ಗಂಟಲು ಇರಲಿಲ್ಲ.

ಅವಳು ಎಂಟನೇ ಪರೀಕ್ಷೆ ಬರೆದ ವರ್ಷ ಅಣ್ಣ ಚೆನ್ನಯ ಠಾಣೆಯ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂರುತ್ತಿದ್ದ. ಬಿಡಾರ ಡೊಂಬಿವಲಿಯ ಚಾಳ್‌ನ ಒಂದು ಖೋಲಿ, ಇದ್ದದ್ದು ಅದೊಂದೇ ಕೋಣೆ. ಅತ್ತಿಗೆಗೆ ದಿನ ತುಂಬಿತ್ತು, ಅತ್ತಿಗೆಯ ತಾಯಿ ಇರಲಿಲ್ಲ. “ಶಾಲೆಗೆ ರಜೆಯಲ್ಲವಾ, ಸುಟ್ಟಿಗೆ ಸುಂದರಿಯನ್ನು ಕಳಿಸಿ, ಶಾಲೆ ಶುರುವಾಗುವಾಗ ಬಿಟ್ಟು ಬರ್ತೇನೆ” ಎಂದು ಅಣ್ಣ ಹೇಳಿಕಳಿಸಿದ. ಹುಡುಗಿ ಕುಣಿಯುತ್ತ ಬಂದಳು. ಮುಂಬಯಿ ನೋಡುವ ಆಸೆ ಯಾರಿಗಿಲ್ಲ? ಮಗು ಹುಟ್ಟಿತು, ಯೋಗೀಶ ಎಂದು ಹೆಸರಿಟ್ಟರು. ಜೂನ್ ಬಂತು. ಮಳೆ ಹಿಡಿಯಿತು.

ಶಾಲೆಗೆ ಹೋಗಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅಳಬಹುದಿತ್ತು, ಜಗಳವಾಡಬಹುದಿತ್ತು, ಊಟ ಬಿಟ್ಟು ಮೂಲೆ ಹಿಡಿಯಬಹುದಿತ್ತು. ಅಣ್ಣ “ಮುಂದಿನ ವಾರ ನೋಡುವ” ಅಂದ. ಅತ್ತಿಗೆ ತಲೆ ಸವರಿ “ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ” ಅಂದಳು. ಆ ಮಾತಿಗೆ ಹದಿಮೂರರ ಹುಡುಗಿ ಉಬ್ಬಿಹೋದಳು. ಅಣ್ಣ ಒಂದು ದಿನ ಹೋಟೆಲಿಗೆ ಕರೆದೊಯ್ದಾಗ, ಊರಿನ ಅಂಗಡಿಯಿಂದ ಅಮ್ಮ ಅಲ್ಲಿಗೆ ಫೋನ್ ಮಾಡಿ, “ಬರುವುದಿಲ್ಲವಾ ಮಗಾ?” ಎಂದು ಕೇಳಿದಾಗ ಸುಂದರಿಯೇ ಹೇಳಿದಳು: “ಯೋಗೀಶ ನನ್ನ ಕೈಯಲ್ಲಿ ಮಾತ್ರ ಮಲಗುವುದು ಅಮ್ಮಾ. ಬಿಟ್ಟು ಹೇಗೆ ಬರ್ಲಿ?”

ಯೋಗೀಶ ಬಾಲವಾಡಿಗೆ ಸೇರಿದ ಕೆಲವೇ ದಿನಕ್ಕೆ ಟೀಚರ ಮಡಿಲಲ್ಲಿ ಗೊರಕೆ ಹೊಡೆದ. ಈಗ ಅವನಿಗೆ ಕಲ್ಯಾಣದಲ್ಲಿ ಸ್ವಂತ ಮನೆ. ಚೌತಿಗೆ ನೆನಪಾದರೆ ಫೋನ್ ಮಾಡುತ್ತಾನೆ, ಅತ್ತೆ ಎಂದು ಕರೆದು ಮಿಕ್ಕಿದ್ದನ್ನು ಹಿಂದಿಯಲ್ಲಿ ಮಾತಾಡುತ್ತಾನೆ. ಅವನ ತಪ್ಪೇನಿದೆ? ಮಕ್ಕಳು ಮರೆಯುತ್ತವೆ, ಮರೆಯಬೇಕು ಕೂಡ. ಮರೆಯಲಾರದೆ ಉಳಿದವಳು ಸುಂದರಿ. ಅವಳನ್ನು ಕಿಟ್ಟಣ್ಣ ಎಂಬ ಹೋಟೆಲಿನ ಅಡುಗೆಯವನಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಆದರೆ ಆಯುಷ್ಯ ಕಡಿಮೆ ತಂದಿದ್ದ. ಮಗ ಯತಿನ್ ಇನ್ನೂ ಅಕ್ಷರ ತಿದ್ದುವಾಗ ಕಿಟ್ಟಣ್ಣ ಹೋದ. ಸುಂದರಿಗೆ ಬರುತ್ತಿದ್ದ ವಿದ್ಯೆ ಒಂದೇ, ಬಾಣಂತಿಯ ಆರೈಕೆ. ಯಾವ ಕೆಲಸ ಅವಳನ್ನು ಶಾಲೆಯ ಬೆಂಚಿನಿಂದ ಎಬ್ಬಿಸಿತ್ತೋ ಅದೇ ಕೆಲಸ ಅನ್ನ ಹಾಕಿತು.

ಆ ಕೆಲಸದಲ್ಲಿ ಅವಳಿಗೆ ಒಂದು ಗುಟ್ಟಿನ ಸಂತೋಷವಿತ್ತು. ಇಲ್ಲಿಯೇ ಮೀಯಿಸುವ ಹೆಂಗಸು ಸಿಕ್ಕಿದರೆ ಯಾರೂ ಊರಿನಿಂದ ಹುಡುಗಿಯನ್ನು ಕರೆಸುವುದಿಲ್ಲ. ತಾನು ಒಂದು ಮನೆಯ ಮೆಟ್ಟಿಲು ಹತ್ತಿದರೆ ಊರಿನಲ್ಲಿ ಒಂದು ಹುಡುಗಿ ಶಾಲೆಯಲ್ಲಿ ಉಳಿದಳು ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಸೀರೆಯ ಬದಲು ವಿದ್ಯಾರ್ಥಿವೇತನ ಕೇಳುವ ಯೋಚನೆ ಬಂದದ್ದೂ ಅಲ್ಲಿಂದಲೇ.

ಇಷ್ಟೆಲ್ಲ ತಿಳಿದಿದ್ದ ಸುಂದರಕ್ಕ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಳು.

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯಲ್ಲಿ, ಪುಂಡರೀಕಾಕ್ಷ ಎಂಬವರ ಮನೆ. ಸಣ್ಣದೊಂದು ಹೋಟೆಲು, ಮರ್ಯಾದೆಯ ಜನ. ಅವರ ಹೆಂಡತಿಯ ಹೆಸರು ಶ್ರೀಮತಿ, ಸೊಸೆಯ ಹೆಸರು ಶ್ರದ್ಧಾ. ಮೊಮ್ಮಗ ಸಮಿತ್ ಹುಟ್ಟಿದಾಗ ನೀರೆರೆದವಳು ಸುಂದರಕ್ಕನೇ, ಅವನ ಹೆಸರಿನಲ್ಲಿ ಓದುತ್ತಿದ್ದವಳು ರಮಿತಾ. ರಮಿತಾಳ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಕಳೆದುಕೊಂಡವನು. ತಾಯಿ ಉಮಾವತಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಹುಡುಗಿ ಮಾತ್ರ ಚುರುಕು. ಹೆಡ್‌ಮಾಸ್ಟರ್ ದೇವದಾಸ್ ಮೇಷ್ಟ್ರು ತಮ್ಮ ಫೋನಿನಿಂದ ಅವಳನ್ನು ಸುಂದರಕ್ಕನ ಹತ್ತಿರ ಮಾತಾಡಿಸಿದರೆ ಅವಳು ಮೊದಲು ಕೇಳುತ್ತಿದ್ದದ್ದು, “ಸಮಿತನಿಗೆ ಹಲ್ಲು ಬಂತಾ ದೊಡ್ಡಮ್ಮ?” ಆಮೇಲೆ ತನ್ನ ಮಾರ್ಕು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಳು. ಹತ್ತನೆಯದೊಂದು ಆದರೆ ದಡ ಸೇರಿದ ಹಾಗೆ.

ಆ ವರ್ಷ ಮೇ ತಿಂಗಳಲ್ಲಿ ಸಂಘದ ವಾರ್ಷಿಕೋತ್ಸವ. ಶ್ರೀಮತಿಗೆ ಒಂದು ಆಸೆ ಹುಟ್ಟಿತು. “ನಮ್ಮ ಹುಡುಗಿಯನ್ನು ನಾವು ಒಮ್ಮೆ ಕಣ್ಣಾರೆ ನೋಡ್ಬೇಡ್ವಾ ಸುಂದರಕ್ಕ? ಸ್ಟೇಜಿನ ಮೇಲೆ ಕರ್ದು ಶಾಲು ಹೊದಿಸುವ. ಉಳಿದವರಿಗೂ ಕೊಡುವ ಮನಸ್ಸು ಬರ್ತದೆ.” ಆಸೆ ತಪ್ಪಲ್ಲ. ಸುಂದರಕ್ಕ ತಾನೇ ಊರಿಗೆ ಹೋಗಿ, ಉಮಾವತಿಯನ್ನು ಒಪ್ಪಿಸಿ, ಹುಡುಗಿಯನ್ನು ಕೊಂಕಣ ರೈಲಿನ ಗಾಡಿಯಲ್ಲಿ ಕೂರಿಸಿಕೊಂಡು ಬಂದಳು. ರಮಿತಾಳ ತೊಡೆಯ ಮೇಲೆ ಒಂದು ನೀಲಿ ಬಟ್ಟೆಯ ಚೀಲ, ಮುಡಿಯಲ್ಲಿ ಅಮ್ಮ ಕಟ್ಟಿಕೊಟ್ಟ ಮಲ್ಲಿಗೆ. ಸುರಂಗ ಬಂದಾಗಲೆಲ್ಲ ದೊಡ್ಡಮ್ಮನ ಕೈ ಹಿಡಿದುಕೊಳ್ಳುತ್ತಿದ್ದಳು.

ಸ್ಟೇಜಿನ ಮೇಲೆ ಅವಳ ಹೆಸರು ಕೂಗಿದರು. ಸಭಾಂಗಣದ ತುಂಬ ಚಪ್ಪಾಳೆ. ಮೂರು ವರ್ಷದ ಸಮಿತ್ ಅವಳ ಬೆರಳು ಹಿಡಿದುಕೊಂಡು ಫೋಟೋಕ್ಕೆ ನಿಂತ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸುಂದರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತಾನು ಹೋಗದೆ ಬಿಟ್ಟ ಶಾಲೆಯ ದಾರಿಯನ್ನು ಈ ಹುಡುಗಿ ನಡೆದು ಮುಗಿಸುತ್ತಿದ್ದಾಳೆ ಎಂದು ಅವಳಿಗೆ ಅನಿಸಿತು. ಅವಳ ಜೀವಮಾನದಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ.

ಊರಿಗೆ ಮರಳುವ ಗಾಡಿಯ ದಿನದವರೆಗೆ ರಮಿತಾ ಶ್ರೀಮತಿಯ ಮನೆಯಲ್ಲೇ ಉಳಿದಳು. ಅದಾದ ಕೆಲವು ದಿನಕ್ಕೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಸಂಜೆಯ ನೂಕುನುಗ್ಗಲಿಗೆ ಸಿಕ್ಕಿ ಸುಂದರಕ್ಕ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಅದೇ ವಾರ ಶ್ರದ್ಧಾಳಿಗೆ ಎರಡನೆಯ ಹೆರಿಗೆ, ಹೆಣ್ಣು ಮಗು. ಶ್ರೀಮತಿಗೆ ಮಂಡಿನೋವು, ನೆಲಕ್ಕೆ ಕುಳಿತರೆ ಏಳಲಾಗದು. ಬೇರೆ ಹೆಂಗಸು ಹುಡುಕಿದರೆ ಆ ಸುಟ್ಟಿಯ ಕಾಲದಲ್ಲಿ ಎಲ್ಲರೂ ಊರಿಗೆ ಹೋಗಿದ್ದಾರೆ. ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕುಳಿತಾಗ, ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದ ಸುಂದರಕ್ಕನೇ ಆ ಮಾತು ಆಡಿದಳು.

“ರಮಿತಾ ಇದ್ದಾಳಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೇನೆ. ಅವಳ ಗಾಡಿಗೆ ಇನ್ನೂ ದಿನ ಉಂಟು. ಅಷ್ಟರೊಳಗೆ ಯಾರಾದ್ರೂ ಸಿಗ್ತಾರೆ.”

ಬಚ್ಚಲಿನಲ್ಲಿ ಮಣೆ ಹಾಕಿ ಹುಡುಗಿಯನ್ನು ಕಾಲು ನೀಡಿ ಕೂರಿಸಿದಳು. ಎರಡು ಕಾಲನ್ನೂ ಹೇಗೆ ಸೇರಿಸಿ ಹಿಡಿಯುವುದು, ಮೊಣಕೈಯಲ್ಲಿ ನೀರಿನ ಬಿಸಿ ಹೇಗೆ ನೋಡುವುದು, ಮಗುವನ್ನು ಬೋರಲು ಮಲಗಿಸಿ ಬೆನ್ನು ಹೇಗೆ ನೀವುವುದು, ತಲೆ ಉರುಟಾಗುವ ಹಾಗೆ ಅಂಗೈಯಲ್ಲಿ ಹೇಗೆ ಒತ್ತುವುದು, ಎಲ್ಲ ಬಾಗಿಲಲ್ಲಿ ಕುಳಿತು ಹೇಳಿದಳು. ರಮಿತಾ ಪಾಠ ಕಲಿತ ಹಾಗೆ ಅದನ್ನೂ ಒಂದೇ ಸಲಕ್ಕೆ ಕಲಿತಳು. ಮಗು ಅಳದೆ ಕಣ್ಣು ಮುಚ್ಚಿತು. “ಹುಟ್ಟಾ ಬಂದ ಕೈ” ಎಂದು ಸುಂದರಕ್ಕ ಎಲ್ಲರ ಎದುರು ಹೊಗಳಿದಳು. ತಾನೇನು ಮಾಡುತ್ತಿದ್ದೇನೆ ಎಂಬುದು ಆ ಹೆಮ್ಮೆಯಲ್ಲಿ ಅವಳಿಗೆ ಕಾಣಲಿಲ್ಲ.

ಗಾಡಿಯ ದಿನ ಹತ್ತಿರ ಬಂದಾಗ ಶ್ರೀಮತಿ ಫೋನ್ ಮಾಡಿ, “ಇನ್ನೊಂದು ವಾರ ಇರ್ಲಿ” ಎಂದರು. ಶಾಲೆ ತೆರೆಯಿತು. “ಮಗುವಿನ ತೊಟ್ಟಿಲು ಶಾಸ್ತ್ರ ಆಗ್ಲಿ” ಎಂದರು. ಆಮೇಲೆ, “ಇಲ್ಲೇ ನೈಟ್ ಸ್ಕೂಲಿಗೆ ಹಾಕುವ, ಓದಿಗೆ ನಾವು ತೊಂದರೆ ಮಾಡ್ತೇವಾ?” ಎಂದರು. ಯಾವ ಮಾತಿನಲ್ಲೂ ಕೆಟ್ಟತನವಿರಲಿಲ್ಲ. ಸುಂದರಕ್ಕ ಊರಿಗೆ ಫೋನ್ ಹಚ್ಚಿ ಉಮಾವತಿಗೆ, “ಮಗಳನ್ನು ಬಾ ಅಂತ ಕರಿ” ಎಂದರೆ ಆಕೆ ಅತ್ತಳು. “ಅಷ್ಟು ದೊಡ್ಡ ಮನೆ, ಮೂರು ಹೊತ್ತು ಊಟ, ತಲೆ ಮೇಲೆ ಫ್ಯಾನು. ಅವರು ಈ ತಿಂಗಳು ಮೊದಲಿಗಿಂತ ಹೆಚ್ಚೇ ಕಳಿಸಿದ್ದಾರೆ ಅಕ್ಕ. ನಾನು ಯಾವ ಬಾಯಲ್ಲಿ ಬಾ ಅಂತ ಹೇಳ್ಲಿ?”

ಆಗ ಸುಂದರಕ್ಕನಿಗೆ ವಿಷಯ ಅರ್ಥವಾಯಿತು. ಹುಡುಗಿ ಶಾಲೆಯಲ್ಲಿ ಉಳಿಯಲಿ ಎಂದು ತಾನು ಕಾಡಿ ಬೇಡಿ ಕೊಡಿಸಿದ ದುಡ್ಡು ಈಗ ಅವಳನ್ನು ಶಾಲೆಯಿಂದ ಹೊರಗೆ ಹಿಡಿದಿಟ್ಟಿತ್ತು. ವಿದ್ಯಾರ್ಥಿವೇತನ ಹೆಸರೂ ಬದಲಾಯಿಸಿಕೊಳ್ಳದೆ ಪಗಾರವಾಗಿ ಕುಳಿತಿತ್ತು.

ಅವಳು ಊರಿಗೆ ಎರಡು ಟಿಕೆಟ್ ಮಾಡಿಸಿ ರವಿಕೆಯೊಳಗಿನ ಪರ್ಸಿನಲ್ಲಿಟ್ಟುಕೊಂಡು, ನಾಳೆ ಬರುತ್ತೇನೆ ಎಂದು ಹೇಳಿಕಳಿಸಿ, ಮರುದಿನ ಕೋಪರಿಗೆ ಹೋದಳು. ಜಡಿಮಳೆ. ಮನೆಯವರು ಉಪಚಾರ ಮಾಡಿದರು, ಕೊಡೆ ಇಸಿದುಕೊಂಡರು, ಚಹಾ ಕೊಟ್ಟರು. ಕೆಟ್ಟವರಾಗಿದ್ದರೆ ನಾಲ್ಕು ಬೈದು ಎಳೆದುಕೊಂಡು ಬರಬಹುದಿತ್ತು. ಒಳ್ಳೆಯವರ ಮನೆಯಿಂದ ಹುಡುಗಿಯನ್ನು ಬಿಡಿಸಿಕೊಂಡು ಬರುವುದಿದೆಯಲ್ಲ, ಅದು ಬಲು ಕಷ್ಟ.

“ಹುಡುಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದೆ” ಎಂದಳು ಸುಂದರಕ್ಕ.

ಶ್ರೀಮತಿಯ ಮುಖ ಸಣ್ಣದಾಯಿತು. “ನಾವೇನು ಅವಳನ್ನು ಕಟ್ಟಿ ಹಾಕಿದ್ದೇವಾ? ಮನೆಮಗಳ ಹಾಗೆ ನೋಡ್ತಿದ್ದೇವೆ. ಬೇಕಾದ್ರೆ ಅವಳನ್ನೇ ಕೇಳಿ.”

ಶ್ರದ್ಧಾ ಮಂಚದ ಮೇಲಿಂದ ನೋಡುತ್ತಿದ್ದಳು. ಪುಂಡರೀಕಾಕ್ಷರು ಪೇಪರ್ ಮಡಚಿ ಇಟ್ಟರು. ಒಳಗಿನಿಂದ ರಮಿತಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಬಾಗಿಲ ಹತ್ತಿರ ನಿಂತಳು. ಮೈಮೇಲೆ ಒಳ್ಳೆಯ ಚೂಡಿದಾರ. ಶ್ರದ್ಧಾಳದ್ದನ್ನು ಸಣ್ಣ ಮಾಡಿಸಿದ್ದು.

“ಬರ್ತೀಯಾ ಮಗಾ? ಶಾಲೆ ಶುರುವಾಗಿದೆ. ಮೇಷ್ಟ್ರು ಕಾಯ್ತಿದ್ದಾರೆ.”

ಹುಡುಗಿ ಒಮ್ಮೆ ಶ್ರೀಮತಿಯ ಕಡೆ ನೋಡಿದಳು, ಒಮ್ಮೆ ನೆಲ ನೋಡಿದಳು. ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ.

“ಪಾಪು ನನ್ನ ಕೈಯಲ್ಲಿ ಮಾತ್ರ ಮಲಗುವುದು ದೊಡ್ಡಮ್ಮ. ಬಿಟ್ಟು ಹೇಗೆ ಬರ್ಲಿ?”

ಸುಂದರಕ್ಕ ಆ ಮಾತನ್ನು ಗುರುತಿಸಿದಳು. ಅದೇ ಮಾತು. ಅದೇ ದನಿ. ಹೋಟೆಲಿನ ಕಪ್ಪು ಫೋನನ್ನು ಎರಡು ಕೈಯಲ್ಲಿ ಹಿಡಿದು ತಾನು ಅಮ್ಮನಿಗೆ ಹೇಳಿದ್ದು ಇದನ್ನೇ. ಆಗ ತನಗೆ ಆ ಮಾತು ನಿಜವಾಗಿತ್ತು, ಯೋಗೀಶನನ್ನು ಬಿಡುವುದೆಂದರೆ ಕರುಳು ಕಿತ್ತ ಹಾಗೆ ಆಗುತ್ತಿತ್ತು. ಈ ಹುಡುಗಿಗೂ ಹಾಗೇ ಆಗುತ್ತಿರಬೇಕು ಎಂದುಕೊಂಡಳು. ಮಗು ಒಂದು ವಾರ ಅಳುತ್ತದೆ, ಆಮೇಲೆ ಮರೆಯುತ್ತದೆ, ನೀನು ಮರೆಯುವುದಿಲ್ಲ, ಹೊರಡು ಎಂದು ಹೇಳಬೇಕಾಗಿತ್ತು. ಹೇಳುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇದ್ದರೆ ಅವಳಿಗೇ ಇತ್ತು. ಆದರೆ ಎದುರಿಗೆ ಹಸಿ ಬಾಣಂತಿ, ಹೆಗಲ ಮೇಲೆ ಹಸುಗೂಸು, ಕೈಯಲ್ಲಿ ಅವರು ಕೊಟ್ಟ ಚಹಾದ ಲೋಟ. ಅವಳು ಚಹಾ ಕುಡಿದಳು, ಕೊಡೆ ಕೇಳಿ ತೆಗೆದುಕೊಂಡಳು, “ಆಯ್ತು ಮಗಾ, ಚೆನ್ನಾಗಿರು” ಎಂದು ಮೆಟ್ಟಿಲಿಳಿದಳು.

ದೇವದಾಸ್ ಮೇಷ್ಟ್ರು ದೀಪಾವಳಿಯವರೆಗೂ ಹಾಜರಿಯಲ್ಲಿ ರಮಿತಾಳ ಹೆಸರು ಕೂಗಿದರಂತೆ. ಹುಡುಗಿಯರು ನಕ್ಕರೂ ಕೂಗಿದರಂತೆ. ಆಮೇಲೆ ಅವರೂ ಬಿಟ್ಟರು. ನೈಟ್ ಸ್ಕೂಲಿನ ಮಾತು ಎಲ್ಲ ಒಳ್ಳೆಯ ಮನೆಗಳಲ್ಲಿ ಆಗುವ ಹಾಗೆ ನಾಳೆ, ನಾಡಿದ್ದು ಎಂದು ಮುಂದೆ ಹೋಯಿತು. ಶ್ರದ್ಧಾ ಆಫೀಸಿಗೆ ಹೋಗತೊಡಗಿದಳು, ಮಗು ರಮಿತಾಳ ಸೊಂಟದ ಮೇಲೆ ಬೆಳೆಯಿತು, ಶಾಲೆಗೂ ಸೇರಿತು. ಪುಂಡರೀಕಾಕ್ಷರು ತಾವೇ ಮುಂದೆ ನಿಂತು, ಚಿನ್ನ ಹಾಕಿ, ತುರ್ಭೆಯ ಮಾರ್ಕೆಟಿನಲ್ಲಿ ಟೆಂಪೋ ಓಡಿಸುವ ಒಬ್ಬ ಊರಿನ ಹುಡುಗನಿಗೆ ಅವಳನ್ನು ಮದುವೆ ಮಾಡಿಕೊಟ್ಟರು. ಜನ ಅವರನ್ನು ಹೊಗಳಿದರು. ಹೊಗಳಬೇಕಾದ್ದೇ. ಸುಂದರಕ್ಕ ಮದುವೆಗೆ ಹೋಗಿ ಅಕ್ಷತೆ ಹಾಕಿದಳು. ಊಟಕ್ಕೆ ಕೂರಲಿಲ್ಲ.

ಕೋಪರಿಯ ಮೆಟ್ಟಿಲಿಳಿದ ದಿನದಿಂದ ಸುಂದರಕ್ಕನದ್ದೊಂದು ಹಟ. ಯಾವ ಹುಡುಗಿಯನ್ನೂ ಇಲ್ಲಿಗೆ ಕರೆಸಕೂಡದು. ಶಾಲು ಇಲ್ಲ, ಸ್ಟೇಜು ಇಲ್ಲ, ಫೋಟೋ ಇಲ್ಲ. ದುಡ್ಡು ಊರಿಗೆ ಹೋಗಲಿ, ಹುಡುಗಿ ಊರಲ್ಲೇ ಇರಲಿ. ಸಂಘದ ಕಾರ್ಯದರ್ಶಿ, “ಹುಡುಗಿಯರೇ ಇಲ್ಲದೆ ಎಂಥ ವಿದ್ಯಾರ್ಥಿವೇತನ ಕಾರ್ಯಕ್ರಮ ಸುಂದರಕ್ಕ, ಮದುಮಗಳಿಲ್ಲದ ಮದ್ವೆಯ ಹಾಗೆ” ಎಂದು ತಮಾಷೆ ಮಾಡಿದರೆ ಅವಳು ನಗುತ್ತಿರಲಿಲ್ಲ. ಹಟಮಾರಿ ಮುದುಕಿ ಎಂದರು. ಅನ್ನಲಿ ಎಂದು ಸುಮ್ಮನಿದ್ದಳು. ಆ ಹಟದ ನೆರಳಲ್ಲಿ ಬಹಳ ಹುಡುಗಿಯರು ಹತ್ತನೇ ದಾಟಿದರು, ಕೆಲವರು ಕಾಲೇಜೂ ಮುಗಿಸಿದರು. ಒಬ್ಬೊಬ್ಬಳು ಪಾಸಾದ ಸುದ್ದಿ ಬಂದಾಗಲೂ ಅವಳಿಗೆ ಸಂತೋಷವಾಗುತ್ತಿತ್ತು, ಮತ್ತು ಆ ಸಂತೋಷದ ಬೆನ್ನಿಗೇ ಕೋಪರಿಯ ಆ ಬಾಗಿಲು ನೆನಪಾಗುತ್ತಿತ್ತು.

ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ವಯಸ್ಸಾದಂತೆ ಬೆರಳಿನ ಹಿಡಿತವೂ ಹೋಯಿತು. ಎಣ್ಣೆ ಹಚ್ಚಿದ ಹಸುಗೂಸು ಆ ಕೈಯಲ್ಲಿ ನಿಲ್ಲದು. ಕೆಲಸ ಬಿಟ್ಟಳು. ಆದರೆ ಈ ವರ್ಷ ಯತಿನ್‌ನ ಹೆಂಡತಿ ದಿಶಾ ಹೆತ್ತಾಗ, ಸ್ವಂತ ಮೊಮ್ಮಗುವಿಗೆ ನೀರೆರೆಯಲಾಗಲಿಲ್ಲವಲ್ಲ ಎಂದು ಅವಳು ಬಚ್ಚಲ ಬಾಗಿಲಲ್ಲಿ ನಿಂತು ಅತ್ತಳು.

“ಅಮ್ಮಾ, ರಮಿತಾಕೋ ಬುಲಾ ಲೇ ನ” ಎಂದ ಯತಿನ್. “ನವಿಮುಂಬೈಮೇ ಸಬ್ ಉಸೀಕೋ ಬುಲಾತೇ ಹೈಂ.”

ನವಿಮುಂಬೈಯಲ್ಲಿ ಎಲ್ಲರೂ ರಮಿತಾಳನ್ನೇ ಕರೆಸುವುದು ಸುಂದರಕ್ಕನಿಗೂ ಗೊತ್ತಿತ್ತು. ಅವಳು ಈಗ ತುರ್ಭೆಯಿಂದ ವಾಶಿ, ನೇರುಳಿನವರೆಗೆ ಬಾಣಂತಿಯರನ್ನು ಮೀಯಿಸುವ ಹೆಸರುವಾಸಿ ಹೆಂಗಸು. ಗುರು ಯಾರೆಂದು ಕೇಳಿದವರಿಗೆ ಸುಂದರಕ್ಕನ ಹೆಸರು ಹೇಳುತ್ತಿದ್ದಳಂತೆ. ಕೇಳಿದಾಗಲೆಲ್ಲ ಸುಂದರಕ್ಕನಿಗೆ ಯಾರೋ ಗಾಯಕ್ಕೆ ಉಪ್ಪು ಸವರಿದಂತಾಗುತ್ತಿತ್ತು. ಆದರೂ ಫೋನ್ ಮಾಡಿದಳು. ರಮಿತಾ ಮರುಮಾತಿಲ್ಲದೆ ಬಂದಳು. ದಿನಾ ಬೆಳಿಗ್ಗೆ ತುರ್ಭೆಯಲ್ಲಿ ಗಾಡಿ ಹಿಡಿದು, ಠಾಣೆಯಲ್ಲಿ ಬದಲಿಸಿ, ಡೊಂಬಿವಲಿಗೆ ಬಂದು ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂರುತ್ತಿದ್ದಳು. ಸುಂದರಕ್ಕ ನೀರು ಕಾಸಿ ಕೊಡುತ್ತಿದ್ದಳು. ಅದೇ ಕಾಲು ನೀಡುವ ರೀತಿ, ಅದೇ ಮೊಣಕೈ. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ.

ನಲ್ವತ್ತರ ಸ್ನಾನದ ದಿನ ಸುಂದರಕ್ಕ ತಟ್ಟೆಯಲ್ಲಿ ಕಾಯಿ, ರವಿಕೆ ಕಣ, ಹಸಿರು ಸೀರೆ ಇಟ್ಟಳು. ಸೀರೆಯನ್ನು ಶಾಸ್ತ್ರಕ್ಕೆಂದು ತಂದಿದ್ದಳು. ತನ್ನ ಕೈಯ ಕೆಲಸ ಕಲಿತವಳು ತನ್ನ ಕ್ರಮವನ್ನೂ ಕಲಿತಿರುತ್ತಾಳೆ, ಕಾಯಿ ಮಾತ್ರ ಎತ್ತಿಕೊಳ್ಳುತ್ತಾಳೆ ಎಂಬುದು ಅವಳ ಆಸೆ. ಊರಿನಲ್ಲಿ ಬೀಡಿ ಕಟ್ಟುವ ಮನೆಯ ಒಂದು ಹುಡುಗಿಯನ್ನು ಗೊತ್ತುಮಾಡಿಯೂ ಇಟ್ಟಿದ್ದಳು. ರಮಿತಾಳ ಬಾಯಿಂದ ಆ ಮಾತು ಬಂದರೆ ತನ್ನ ಎದೆಯ ಭಾರ ಸ್ವಲ್ಪ ಇಳಿದೀತು ಎಂದುಕೊಂಡಿದ್ದಳು.

ರಮಿತಾ ಮಗುವನ್ನು ಎಡಗೈಯಲ್ಲಿ ಆತುಕೊಂಡೇ ಬಲಗೈಯಲ್ಲಿ ಸೀರೆ ಎತ್ತಿ ಸೆರಗು ಬಿಡಿಸಿ ನೋಡಿದಳು. “ಬಣ್ಣ ಚಂದ ಉಂಟು ದೊಡ್ಡಮ್ಮ.”

“ನಿನ್ನ ಹೆಸರಲ್ಲಿ ಊರಿನ ಒಂದು ಹುಡುಗಿಯನ್ನು…” ಎಂದು ಸುಂದರಕ್ಕ ತಾನೇ ಶುರು ಮಾಡಿದಳು.

“ನಂಗೆ ಸೀರೆಯೇ ಇರ್ಲಿ” ಎಂದಳು ರಮಿತಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಹುಡುಗಿಯನ್ನು ನೀವು ಓದ್ಸಿ. ಓದ್ಸಿಯೇ ಓದಿಸ್ತೀರಿ, ನನಗೆ ಗೊತ್ತುಂಟು. ಆದ್ರೆ ನನ್ನ ಹೆಸರು ಬೇಡ.” ಸ್ವಲ್ಪ ಹೊತ್ತು ಮಗುವನ್ನು ತೂಗಿದಳು. “ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಬೇಡಿ. ಆ ದಿವ್ಸ ನೀವು ಕೋಪರಿಗೆ ಬರ್ತೀರಿ ಅಂತ ಗೊತ್ತಾಗಿ ನಾನು ಬಟ್ಟೆ ಎಲ್ಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೆ. ಆ ನೀಲಿ ಚೀಲ.”

ಸುಂದರಕ್ಕ ತಟ್ಟೆಯನ್ನು ಬದಿಗೆ ಸರಿಸಿದಳು. “ಮತ್ತೆ ಯಾಕೆ ಹಾಗೆ ಹೇಳಿದೆ ಮಗಾ? ಪಾಪು ಮಲಗುವುದಿಲ್ಲ ಅಂತ?”

“ಎಲ್ಲರ ಎದುರು ಕೇಳಿದ್ರಲ್ಲ ನೀವು. ಅವರ ಅನ್ನ ತಿಂದು, ಬಾಣಂತಿಯ ಎದುರು ನಿಂತು, ಹೋಗ್ತೇನೆ ಅಂತ ಹೇಗೆ ಹೇಳ್ಲಿ? ನೀವು ಕೇಳ್ಬಾರ್ದಿತ್ತು ದೊಡ್ಡಮ್ಮ. ಕೈ ಹಿಡ್ದು ಎಳ್ಕೊಂಡು ಹೋಗ್ಬೇಕಿತ್ತು.”

ಇಷ್ಟು ವರ್ಷ ಸುಂದರಕ್ಕ ತನ್ನನ್ನು ತಾನೇ ಬೈದುಕೊಂಡದ್ದು, ಹುಡುಗಿಯ ಮನಸ್ಸು ಮಗುವಿಗೆ ಅಂಟಿಕೊಳ್ಳುವಂತೆ ಮಾಡಿದೆನಲ್ಲ ಎಂದು. ಅಂಟಿರಲೇ ಇಲ್ಲ. ಹುಡುಗಿ ಹೊರಟು ನಿಂತಿದ್ದಳು. ಎರಡು ಟಿಕೆಟ್ ರವಿಕೆಯಲ್ಲಿತ್ತು, ಚೀಲ ಬಾಗಿಲ ಹಿಂದಿತ್ತು, ನಡುವೆ ಒಂದು ಮಾತಿನಷ್ಟೇ ದೂರ.

ರಮಿತಾ ಸೀರೆ ಮಡಚಿಟ್ಟು ಗಡಿಯಾರ ನೋಡಿದಳು. ಗಾಡಿಯ ಹೊತ್ತಾಗಿತ್ತು. ಮಗು ಕೊಸರಿ ರಾಗ ತೆಗೆಯಿತು. ಅವಳು ಮತ್ತೆ ಗೋಡೆಗೊರಗಿ ಅದನ್ನು ಎದೆಗೆ ಹಾಕಿಕೊಂಡಳು. “ಇದು ಮಲಗ್ಲಿ, ಆಮೇಲೆ ಹೊರಡ್ತೇನೆ. ನನ್ನ ಕೈಯಲ್ಲಾದ್ರೆ ಬೇಗ ಮಲಗ್ತದೆ.”

ಸುಂದರಕ್ಕ ಎರಡು ಕೈಯನ್ನೂ ಚಾಚಿದಳು, ನೆಟ್ಟಗಿದ್ದದ್ದು ಒಂದು, ಸೊಟ್ಟಗಿದ್ದದ್ದು ಒಂದು.

“ಇಲ್ಲಿ ಕೊಡು. ನೀನು ಹೊರಡು ಮಗಾ.”

“ಅಳ್ತದೆ ದೊಡ್ಡಮ್ಮ.”

“ಅಳ್ಲಿ. ನೀನು ಹೊರಡು.”

ರಮಿತಾ ಮುದುಕಿಯ ಮುಖವನ್ನೇ ನೋಡಿದಳು. ಆಮೇಲೆ ಮಗುವನ್ನು ಆ ಕೈಗಳಿಗೆ ಕೊಟ್ಟು, ಕೈ ಜಾರದ ಹಾಗೆ ಟವೆಲ್ ಸುತ್ತಿ, ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಇಳಿದು ಹೋದಳು. ಸುಂದರಕ್ಕ ಕಿಟಕಿಯಿಂದ ನೋಡಿದಳು. ಅವಳು ತಿರುಗಿ ನೋಡದೆ ಸ್ಟೇಷನ್ನಿನ ದಾರಿ ಹಿಡಿದು ಹೋಗುತ್ತಿದ್ದಳು.

ಮಗು ಮೈಯೆಲ್ಲ ಕೆಂಪು ಮಾಡಿಕೊಂಡು ಅತ್ತಿತು. ಸ್ವಲ್ಪ ಹೊತ್ತು ಅತ್ತಿತು. ಆಮೇಲೆ ಮಲಗಿತು.